ಪೈನ್ ಮರಕ್ಕೆ ಕುಂಕುಮ

ಕಾಡು ಉಳಿಸಲು ಹೋದವನು ಮೊದಲು ತನ್ನ ಮಾನ ಉಳಿಸಿಕೊಳ್ಳಬೇಕಾಗುತ್ತದೆ. ನನಗಂತೂ ಇದು ಶನಿವಾರದಿಂದ ಶನಿವಾರಕ್ಕೆ ತಪ್ಪಲಿಲ್ಲ. ಗೊಂದಲವಾಗದಿರಲಿ ಎಂದು ಮೊದಲೇ ಹೇಳಿಬಿಡುತ್ತೇನೆ: ನಾನು ವೆಸ್ಟೆರಾಸ್ ಎಂಬ ಪರದೇಶದ ಊರಿನಲ್ಲಿ ಎಂಜಿನಿಯರ್, ಗಿಡಮರಗಳ ತಜ್ಞನಲ್ಲ. ನಮ್ಮ ಮನೆ ಹಿಂದಿನ ಹಳೆಯ ಪೈನ್ ಕಾಡನ್ನು ತಿಂಗಳ ಕೊನೆಗೆ ಕಡಿಯುವವರಿದ್ದರು. ಅಲ್ಲೊಂದು ಅಪರೂಪದ, ಅಂದರೆ ಕಾನೂನಿನ ರಕ್ಷಣೆಯಿರುವ ಗಿಡವೋ ಹುಳುವೋ ಸಿಕ್ಕರೆ ಕಡಿಯುವುದು ನಿಲ್ಲುತ್ತಿತ್ತು. ಪ್ರತಿ ಶನಿವಾರ ಅದನ್ನು ಹುಡುಕುವ ಗುಂಪಿಗೆ ನಾನೂ ಸೇರಿದೆ. ಗುಂಪಿನ ನಾಯಕಿ ಒಬ್ಬ ನಿವೃತ್ತ ಟೀಚರ್.

ಒಂದು: ಹತ್ತು ಗಂಟೆ

ಮೊದಲ ದಿನ ಹತ್ತು ಹೊಡೆದದ್ದೇ ತಡ, ಟೀಚರ್ ಫ್ಲಾಸ್ಕ್ ತೆಗೆದು ಕೂತರು. ಫಿಕಾ, ಅಂದರೆ ಈ ದೇಶದಲ್ಲಿ ಯಾರೂ ತಪ್ಪಿಸದ ಕಾಫಿ ಬಿಡುವು! ಕಾಫಿ, ಬನ್ನು, ಮೌನ. ನನಗೆ ಕೂರಲೂ ಆಗದು, ನಿಲ್ಲಲೂ ಆಗದು.

"ಮೇಡಂ, ಅಷ್ಟರಲ್ಲಿ ಕಡಿಯೋರು ಬಂದುಬಿಟ್ರೆ?"

"ಗಾಬರಿ ಬೇಡ. ಅವರೂ ಈಗ ಫಿಕಾದಲ್ಲೇ ಇರ್ತಾರೆ."

ಎರಡು: ಹಳದಿ ಮೊಟ್ಟೆಗಳು

ಮುಂದಿನ ವಾರ, ಬಿದ್ದ ಮರದ ಮೇಲೆ ಹಳದಿ ಮೊಟ್ಟೆಗಳ ಗುಂಪು ಕಂಡಿತು. ಯಾವುದೋ ಅಪರೂಪದ ಹುಳುವಿನದೇ ಇರಬೇಕು! ಕೂಗಿ ಎಲ್ಲರನ್ನೂ ಸೇರಿಸಿದೆ. ಟೀಚರ್ ಮಂಡಿಯೂರಿ, ಭೂತಕನ್ನಡಿ ಹಿಡಿದು, ತುಂಬ ಹೊತ್ತು ನೋಡಿದರು.

"ನೀನು ಊಟಕ್ಕೆ ಕೂತಿದ್ದು ಎಲ್ಲಿ?"

"ಇಲ್ಲೇ ಮೇಡಂ. ಯಾಕೆ?"

"ಮೊಟ್ಟೆಗಳ ಮಧ್ಯೆ ಸಾಸಿವೆ ಇದೆ."

ನನ್ನದೇ ಚಿತ್ರಾನ್ನ.

ಮೂರು: ಅಮ್ಮನ ಪೂಜೆ

ಕೊನೆಯ ಶನಿವಾರ. ಸೋಮವಾರ ಯಂತ್ರಗಳು ಬರುತ್ತವೆ. ಬೆಂಗಳೂರಿನಿಂದ ಬಂದಿದ್ದ ಅಮ್ಮ, ಮನೆಯಲ್ಲಿ ಬೇಜಾರು ಅಂತ ನಮ್ಮ ಹಿಂದೆಯೇ ಹೊರಟರು. ಇಲ್ಲೊಂದು ವಿಷಯ ವಿವರಿಸಲೇಬೇಕು: ಆ ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ಕೆಂಪು ಬಣ್ಣದ ಬೊಟ್ಟು ಹಚ್ಚುತ್ತಿದ್ದರು; ತೀರಾ ಹಳೆಯವನ್ನು ಮಾತ್ರ ಬಿಟ್ಟಿದ್ದರು. ತಿರುಗಿ ನೋಡುತ್ತೇನೆ, ಅತಿ ಹಳೆಯ ಒಂಬತ್ತು ಮರಗಳಿಗೆ ಹೊಸ ಕೆಂಪು ಬೊಟ್ಟು!

"ಅಮ್ಮಾ! ಏನ್ ಮಾಡಿದ್ರಿ?"

"ಕುಂಕುಮ ಇಟ್ಟೆ ಕಣೋ. ಎಷ್ಟು ವಯಸ್ಸಾಗಿದೆ ಪಾಪ."

"ಒಂದಕ್ಕೆ ಇಟ್ಟಿದ್ರೆ ಸಾಕಾಗ್ತಿರಲಿಲ್ವಾ?"

"ಮಿಕ್ಕವು ಬೇಜಾರು ಮಾಡ್ಕೊಳ್ಳಲ್ವಾ?"

ಕರ್ಚೀಫು ಒದ್ದೆ ಮಾಡಿಕೊಂಡು ಓಡಿದೆ. ಕುಂಕುಮ ಹೋಗದೆ ಇನ್ನಷ್ಟು ಹರಡಿತು. ಒಂಬತ್ತನೆಯ ಮರದ ಬುಡದಲ್ಲಿ ಮಂಡಿಯೂರಿ ಉಜ್ಜುತ್ತಿದ್ದಾಗ ಟೀಚರ್ ಕಿರುಚಿದರು: "ಅಲ್ಲಾಡಬೇಡ!"

ನನ್ನ ಎರಡು ಮಂಡಿಗಳ ನಡುವೆ, ಪಾಚಿಯಲ್ಲಿ, ಬೆರಳುದ್ದದ ಬಿಳಿ ಆರ್ಕಿಡ್. ನಾವು ಹುಡುಕುತ್ತಿದ್ದದ್ದು ಅಂಥದ್ದೇ ಗಿಡ.

ಅರಣ್ಯ ಇಲಾಖೆಗೆ ಫೋಟೋ ಹೋಯಿತು, ದೂರು ಹೋಯಿತು. ಸೋಮವಾರ ಯಂತ್ರಗಳು ಬರಲಿಲ್ಲ.

"ನೋಡಿದ್ಯಾ?" ಎಂದರು ಅಮ್ಮ. ನಾನು ಅದು ಬರೀ ಕಾಕತಾಳೀಯ ಎಂದು ಟೀಚರಿಗೆ ಅರ್ಧ ಗಂಟೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ತಮ್ಮ ಪುಸ್ತಕ ತೆರೆದರು.

"ಸರಿ. ಕೆರೆಯಾಚೆಯ ಕಾಡನ್ನೂ ಕಡೀತಾರಂತೆ. ಮುಂದಿನ ಶನಿವಾರ ನೀನು ಬರದಿದ್ರೂ ಪರವಾಗಿಲ್ಲ, ನಿಮ್ಮಮ್ಮನ್ನ ಕಳಿಸು."