ಒಂದು ‘ನಾಟ್’ ಜಾಸ್ತಿಯಾದಾಗ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಎಂದು ಮೂರು ಕಡೆ ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದೆ. ಬೇರೆ ವ್ಯಾಕರಣವನ್ನೆಲ್ಲ ಮಕ್ಕಳು ಹೇಗೋ ದಾಟುತ್ತಿದ್ದರು. ‘ಇಲ್ಲ’ ಎನ್ನುವ ಪಾಠ ಬಂದಾಗ ಮಾತ್ರ ಏನಾದರೊಂದು ಆಗಿಯೇ ಆಗುತ್ತಿತ್ತು. ನಿವೃತ್ತಳಾದ ಮೇಲೂ ಅದು ಬಿಟ್ಟಿಲ್ಲ. ಮೊನ್ನೆ ಬಿ.ಸಿ. ರೋಡಿನಲ್ಲಿ ರಿಕ್ಷಾ ಹತ್ತಿ, “ಸ್ವಲ್ಪ ನಿಧಾನ ಹೋಗುವ ಮಾರಾಯ” ಎಂದೆ. “ನೋ ಪ್ರಾಬ್ಲಮ್ ಇಲ್ಲ ಟೀಚರ್!” ಎಂದ. ನನ್ನ ವಿದ್ಯಾರ್ಥಿಯೇ ಎಂದು ಕೇಳದೆ ಗೊತ್ತಾಯಿತು.

‘ಇಂ’ ಸೇರಿದರೆ ಉಲ್ಟಾ

ಮೊದಲ ಕೆಲಸ ಬೆಳ್ತಂಗಡಿ ಕಡೆ, ಚಾರ್ಮಾಡಿಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ. ಹೊಸ ಹುರುಪು. ಪಾಸಿಬಲ್‌ಗೆ ‘ಇಂ’ ಸೇರಿದರೆ ಇಂಪಾಸಿಬಲ್, ಪರ್ಫೆಕ್ಟ್‌ಗೆ ಸೇರಿದರೆ ಇಂಪರ್ಫೆಕ್ಟ್. “ಎದುರಿಗೆ ‘ಇಂ’ ಕಂಡರೆ ಅರ್ಥ ಉಲ್ಟಾ” ಎಂದು ಕಲಿಸಿದೆ.

ಪರೀಕ್ಷೆ ಹತ್ತಿರ ಬಂದಾಗ ಇಪ್ಪತ್ತು ಪ್ರಶ್ನೆ ಬರೆಸಿ, ಎಂಟರ ಪಕ್ಕ ‘ಇಂಪಾರ್ಟೆಂಟ್’ ಎಂದು ಗುರುತು ಹಾಕಿಸಿದೆ. ಅವುಗಳಲ್ಲಿ ಐದು ಬಂದವು. ತರಗತಿಯ ಅತಿ ಶ್ರದ್ಧೆಯ ಹುಡುಗಿ ಐದನ್ನೂ ಖಾಲಿ ಬಿಟ್ಟಿದ್ದಳು.

“ಯಾಕಮ್ಮಾ, ಓದಿರಲಿಲ್ವಾ?”

ಅವಳ ಕಣ್ಣಲ್ಲಿ ನೀರು. “ಪಾರ್ಟೆಂಟ್ ಅಲ್ಲದ್ದು ಎಂದು ಬಿಟ್ಟೆ ಟೀಚರ್. ಪಾರ್ಟೆಂಟ್ ಹನ್ನೆರಡೂ ಬಾಯಿಪಾಠ ಉಂಟು.”

ತಪ್ಪು ನನ್ನದೇ. ಅವಳೊಬ್ಬಳಿಗೇ ಇನ್ನೊಂದು ಪರೀಕ್ಷೆ ಇಟ್ಟೆ. ಪಾರ್ಟೆಂಟ್ ಪ್ರಶ್ನೆಗಳನ್ನೇ ಕೇಳಿದೆ.

ಒಡೆದ ಗಾಜು

ಬಂಟ್ವಾಳದಲ್ಲಿದ್ದಾಗ ಒಂದು ದಿನ ಸ್ಟಾಫ್ ರೂಮಿನ ಗಾಜು ಒಡೆಯಿತು. ಚೆಂಡು ಸಿಕ್ಕಿತು, ಹೊಡೆದವನು ಸಿಗಲಿಲ್ಲ. ಹೆಡ್‌ಮಾಸ್ಟ್ರು ಗಣಿತದವರು. ಸಂಶಯ ಬಂದದ್ದು ಒಂಬತ್ತನೆಯ ತರಗತಿಯ ಒಬ್ಬನ ಮೇಲೆ. ಅವನಿಂದ ಇಂಗ್ಲಿಷಿನಲ್ಲೇ ಹೇಳಿಕೆ ಬರೆಸಿದರು. “ಐ ಡಿಡ್ ನಾಟ್ ಬ್ರೇಕ್ ನಥಿಂಗ್” ಎಂದು ಬರೆದ.

ನನ್ನನ್ನು ಕರೆಸಿದರು. “ಒಂದೇ ವಾಕ್ಯದಲ್ಲಿ ಎರಡು ನೆಗೆಟಿವ್ ಬಂದ್ರೆ ಏನಾಗ್ತದೆ ಟೀಚರ್?”

“ಪಾಸಿಟಿವ್ ಆಗ್ತದೆ ಸರ್. ಏನೋ ಒಡೆದಿದ್ದೇನೆ ಎಂದ ಹಾಗೆ.”

“ಮೈನಸ್ ಇಂಟು ಮೈನಸ್ ಪ್ಲಸ್! ಅಂದ್ರೆ ಇವ ಒಪ್ಪಿಕೊಂಡ!”

ಹುಡುಗ ಬೆವರಿದ. ನನ್ನ ವ್ಯಾಕರಣದಿಂದ ಪಾಪದವನಿಗೆ ಪೆಟ್ಟು ಬೀಳ್ತದಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಪೆನ್ನು ತೆಗೆದ. “ಇನ್ನೊಂದು ನಾಟ್ ಸೇರಿಸ್ತೇನೆ ಸರ್. ಮೂರು ಮೈನಸ್ ಆದ್ರೆ ಮೈನಸ್ಸೇ ಅಲ್ವಾ?”

ಹೆಡ್‌ಮಾಸ್ಟ್ರು ಬೆರಳು ಮಡಚಿ ಮೈನಸ್ ಎಣಿಸಿದರು. “ಲೆಕ್ಕ ಸರಿ ಉಂಟು. ಹೋಗು.”

ಹೆಣ್ಣು ನೋಡುವ ದಿನ

ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ನನ್ನ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಅವಳನ್ನು ನೋಡಲು ಬಂದ ಹುಡುಗ ಮುಂಬೈಯಲ್ಲಿ ಹಾಸ್ಟೆಲಿನಲ್ಲಿ ಬೆಳೆದವನು, ತುಳುವೂ ಬಾರದು, ಕನ್ನಡವೂ ಬಾರದು. ಹುಡುಗಿಗೆ ಅವನು ಮೊದಲ ನೋಟಕ್ಕೇ ಇಷ್ಟವಾಗಿದ್ದ. ಅದು ಅಲ್ಲೇ ಕೂತಿದ್ದ ನನಗೆ ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ಹುಡುಗ ಗಂಟಲು ಸರಿಮಾಡಿಕೊಂಡು ಕೇಳಿದ: “ಯು ಡೋಂಟ್ ಹ್ಯಾವ್ ಎನಿ ಅಬ್ಜೆಕ್ಷನ್?”

ನಮ್ಮವರಾದರೆ ‘ಹೌದು, ಇಲ್ಲ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆಕ್ಷೇಪ ಇಲ್ಲದಿದ್ದರೆ ‘ನೋ’ ಎಂದೇ ಹೇಳಬೇಕು. ಅದನ್ನು ಅವಳಿಗೆ ನೂರು ಸಲ ಕಲಿಸಿದವಳು ನಾನು. ಹುಡುಗಿ ಹೆಮ್ಮೆಯಿಂದ ನನ್ನ ಕಡೆ ನೋಡಿ, ಇಡೀ ಚಾವಡಿಗೆ ಕೇಳುವ ಹಾಗೆ, “ನೋ!” ಎಂದಳು.

ಹುಡುಗನ ಜೊತೆ ಬಂದಿದ್ದ ಅವನ ಮಾವ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಹುಡುಗನನ್ನೂ ಎಳೆದುಕೊಂಡು ಎಲ್ಲರೂ ಕಾರು ಹತ್ತಿದರು. ಹುಡುಗಿಯ ಅಜ್ಜಿ ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು.

ಬರಿಗಾಲಲ್ಲಿ ಅಂಗಳಕ್ಕೆ ಓಡಿ ಕಾರಿನ ಬಾಗಿಲು ಹಿಡಿದುಕೊಂಡೆ. “ನೋ ಅಂದ್ರೆ ಒಪ್ಪಿಗೆ ಅಣ್ಣಾ!” ಎಂದೆ ಮಾವನಿಗೆ.

“ನನಗೆ ಕಲಿಸ್ಬೇಡಿ ಟೀಚರೇ, ಮುಂಬೈಯಲ್ಲಿ ನಲ್ವತ್ತು ವರ್ಷ ಹೋಟೆಲ್ ನಡೆಸಿದವ ನಾನು. ನೋ ಅಂದ್ರೆ ನೋ!”

ಅಷ್ಟರಲ್ಲಿ ಹುಡುಗಿಯೇ ಓಡಿ ಬಂದಳು. ಹುಡುಗ ಇಷ್ಟವಾ ಎಂದು ಮಾವ ಅವಳನ್ನು ತುಳುವಿನಲ್ಲಿ ನೇರ ಕೇಳಿದರು.

“ಅಂದ್!” ಎಂದಳು. ತುಳುವಿನ ‘ಹೌದು’.

ಮಾವನ ಮುಖ ಅರಳಿತು. ಅಜ್ಜಿ ಕೈ ಮುಗಿದರು. ಹಿಂದಿನ ಸೀಟಿನಿಂದ ಹುಡುಗ ಮಾತ್ರ ಗಾಬರಿಯಲ್ಲಿ ತಲೆ ಹೊರಗೆ ಹಾಕಿದ:

“ಆಂಡ್? ಆಂಡ್ ವಾಟ್?”