ಲೆಕ್ಕದ ಟೀಚರಿಗೆ ಬೈಬಲ್ ಪರೀಕ್ಷೆ

ಗೊತ್ತಿಲ್ಲದ ವಿಷಯದಲ್ಲಿ ತಲೆ ಕೆಟ್ಟರೆ ಅದು ಸಹಜ. ನನಗೆ ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ವಿಷಯದಲ್ಲೇ ತಲೆ ಕೆಡುತ್ತದೆ, ಅದೂ ವಾರ ತಪ್ಪದೆ. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಹುಟ್ಟೂರೂ ಅದೇ, ಮನೆ ಮಾತ್ರ ಕಲಬುರಗಿಯಲ್ಲಿ. ಕಮಲಾಪುರದಲ್ಲಿ ನಮ್ಮದೊಂದು ಸಣ್ಣ ಚರ್ಚಿದೆ. ಇದ್ದ ಪಾಸ್ಟರ್ ನಿವೃತ್ತರಾದ ಮೇಲೆ ಕಲಬುರಗಿಯಿಂದ ತಿಂಗಳಿಗೊಮ್ಮೆ ಯಾರೋ ಬಂದು ಆರಾಧನೆ ನಡೆಸುತ್ತಿದ್ದರು. ಉಳಿದ ಭಾನುವಾರ ಬಾಗಿಲಿಗೆ ಬೀಗ. ನಿಮ್ಮವರೇ ಒಬ್ಬರು ಎರಡು ವರ್ಷದ ಬೈಬಲ್ ಕೋರ್ಸ್ ಪಾಸು ಮಾಡಿದರೆ ಪ್ರಸಂಗ ಮಾಡಲು ಪರವಾನಗಿ ಕೊಡುತ್ತೇವೆ ಎಂದರು ಮೇಲಿನವರು. ಎಲ್ಲರೂ ನನ್ನ ಕಡೆ ತಿರುಗಿದರು. "ನೀವು ಓದಿದವ್ರು ಇದ್ದೀರಿ ಮೇಡಂ, ನಿಮಗೇನು ಕಷ್ಟ?" ಎಂದರು. ಹೀಗೆ ಐವತ್ತೆರಡನೇ ವಯಸ್ಸಿಗೆ ನಾನು ಕಲಬುರಗಿಯಲ್ಲಿ ಶನಿವಾರದ ವಿದ್ಯಾರ್ಥಿನಿಯಾದೆ.

ಸಾಕ್ಷಿದಾರರು ಯಾರು?

ಮೊದಲ ಪಾಠ ಒಡಂಬಡಿಕೆ. ದೇವರು ಅಬ್ರಹಾಮನಿಗೆ ನಾಡು ಕೊಡುತ್ತೇನೆಂದು ಮಾಡಿಕೊಂಡ ಒಪ್ಪಂದ, ಇಡೀ ಬೈಬಲ್ಲಿಗೆ ಅದೇ ಬುನಾದಿ ಎಂದರು ಗುರುಗಳು. ನನ್ನ ಪಕ್ಕ ಕೂಡುತ್ತಿದ್ದವರು ತಹಸೀಲ್ ಕಚೇರಿ ಮುಂದೆ ಮೂವತ್ತು ವರ್ಷ ಖರೀದಿಪತ್ರ ಬರೆದವರು. ಅವರು ಕೈ ಎತ್ತಿದರು.

"ಗುರುಗಳ, ಸಾಕ್ಷಿದಾರರು ಯಾರು?"

"ದೇವರೇ ಮಾತು ಕೊಟ್ಟಾನ್ರಿ. ಸಾಕ್ಷಿ ಯಾಕ ಬೇಕು?"

"ಕೊಡಾಂವ ಚಲೋ ಇದ್ದಾಗನ ಬರಸ್ಕೋಬೇಕ್ರಿ. ಮುಂದ ಮೊಮ್ಮಕ್ಕಳ ಕಾಲಕ್ಕ ತಂಟೆ ಬರ್ತದ."

ಗುರುಗಳು ಪುಟ ತಿರುಗಿಸಿದರು.

ಪರೀಕ್ಷೆಯಲ್ಲಿ ಒಡಂಬಡಿಕೆಯ ಪ್ರಶ್ನೆಯೇ ಬಂತು. ನಾನು ನಾಲ್ಕು ಪುಟ ಪ್ರಬಂಧ ಬರೆದೆ. ನನ್ನ ಪಕ್ಕದವರು ಒಂದೇ ಪುಟದಲ್ಲಿ ಜಮೀನಿನ ಪತ್ರ ಬರೆದಿದ್ದರು: ಬರೆದುಕೊಟ್ಟವರು ದೇವರು, ವಾಸ ಸ್ವರ್ಗ. ಬರೆಸಿಕೊಂಡವರು ಅಬ್ರಹಾಮ ತಂದೆ ತೆರಹ, ಉದ್ಯೋಗ ಕುರಿ ಸಾಕಣೆ, ಹಾಲಿ ವಸ್ತಿ ಡೇರೆ. ಜಮೀನಿನ ಚೆಕ್ಕುಬಂದಿ: ಒಂದು ಕಡೆ ಐಗುಪ್ತದ ನದಿ, ಇನ್ನೊಂದು ಕಡೆ ಯೂಫ್ರೇಟಿಸ್ ನದಿ. ಅವರಿಗೆ ನನಗಿಂತ ಹೆಚ್ಚು ಅಂಕ ಬಂತು. ಒಂದೇ ಒಂದು ಅಂಕ ಕಳೆದು ಗುರುಗಳು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಉಳಿದ ಎರಡು ದಿಕ್ಕು ನಮೂದಿಸಿಲ್ಲ."

ಬಸ್ಸಿನ ಗುರು

ಶನಿವಾರ ಶಾಲೆ ಅರ್ಧ ದಿನ. ಕಮಲಾಪುರದಿಂದ ಕಲಬುರಗಿ ಬಸ್ಸಿನಲ್ಲೇ ನನ್ನ ಓದು. ಅದೇ ಬಸ್ಸಿಗೆ ಕಲಬುರಗಿಯ ರೋಜಾ ಬಡಾವಣೆಯಲ್ಲಿರುವ ಮಗಳ ಮನೆಗೆ ಹೋಗುವ ಮುದುಕರೊಬ್ಬರು ಬರುತ್ತಿದ್ದರು, ಬಿಳಿ ಗಡ್ಡ, ತಲೆಗೆ ಟೋಪಿ.

"ಏನ್ ಓದಲಾಕತ್ತೀರಿ ಬಾಯಿ?"

"ಯೋನನ ಕತಿ ರೀ ಚಾಚಾ. ಮೀನು ನುಂಗಿದ್ದು."

"ಯೂನುಸ್ ನಬಿ! ಕಿತಾಬ್ ಮುಚ್ರಿ, ನಾ ಹೇಳ್ತೀನಿ ಕೇಳ್ರಿ."

ಹೇಳಿದರು ನೋಡಿ! ಮೀನಿನ ಹೊಟ್ಟೆಯ ಕತ್ತಲು ನಮ್ಮ ಬಸ್ಸಿಗೇ ಬಂದ ಹಾಗಾಯಿತು. ಮುಂದಿನ ವಾರ ಯೂಸುಫ್, ಅದರ ಮುಂದಿನ ವಾರ ಮೂಸಾ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ಕೇಳುತ್ತ ನಿಲ್ಲುತ್ತಿದ್ದ. ಪರೀಕ್ಷೆಯಲ್ಲಿ ಪೆನ್ನು ಬೈಬಲ್ಲಿನ ಹೆಸರು ಬಿಟ್ಟು, ಚಾಚಾ ಹೇಳುವ ಹಾಗೆ ತಾನಾಗಿಯೇ ಮೂಸಾ, ದಾವೂದ್, ಯೂನುಸ್ ಎಂದು ಬರೆದುಬಿಟ್ಟಿತು. ಗುರುಗಳು ಅಂಚಿನಲ್ಲಿ ಕೇಳಿದ್ದರು: "ಉತ್ತರ ಸರಿ. ತಾವು ಪಾಠಕ್ಕೆ ಹೋಗುವುದು ಎಲ್ಲಿಗೆ?"

ನಾಚಿಕೆಯಿಂದ ಚಾಚಾಗೆ ವಿಷಯ ಹೇಳಿದೆ. ಅವರಿಗೆ ಬೇಸರವೇ ಆಗಲಿಲ್ಲ.

"ಎಷ್ಟು ಬಿದ್ದಾವ ಮಾರ್ಕ್ಸು?"

"ಎಪ್ಪತ್ತೆರಡು ರೀ."

"ಮತ್ತ ಇಪ್ಪತ್ತೆಂಟು ಎಲ್ಲಿ ಕಳಕೊಂಡ್ರಿ? ನಾ ಹೇಳಿದ್ದೆಲ್ಲಾ ಬರೋಬ್ಬರಿ ಇತ್ತಲ್ಲ!"

ಲಾಬಾನನದು ಏನು ತಪ್ಪು?

ಕೊನೆಯ ಪರೀಕ್ಷೆ ಪ್ರಸಂಗದ್ದು. ನಮ್ಮ ಚರ್ಚಿನಲ್ಲೇ, ನಮ್ಮ ಜನರೆದುರಿಗೇ ಮಾಡಬೇಕು. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ನಪಾಸಾದರೆ ಮತ್ತೊಂದು ವರ್ಷ ಬೀಗ. ನನ್ನ ವಿಷಯ: ಮೋಸ ಮಾಡಿದ ಯಾಕೋಬನೇ ಮೋಸ ಹೋದದ್ದು.

ಸುಮ್ಮನೆ ಯಾಕೋಬನಿಂದ ಶುರು ಮಾಡಬೇಕಿತ್ತು. ಅವನ ತಂದೆ ಇಸಾಕ, ತಾಯಿ ರೆಬೆಕ್ಕ ಎಂದು ವಂಶ ಬಿಡಿಸಹೋದೆ. ಮುಂದೆ ಕೂತಿದ್ದ ಅಜ್ಜಿ, ಊರಿನ ಅರ್ಧ ಮದುವೆ ಕೂಡಿಸಿದವರು, ತಡೆದರು.

"ರೆಬೆಕ್ಕ ಯಾರ ಮಗಳು?"

"ಬೆತೂವೇಲನ ಮಗಳು ಅಜ್ಜಿ. ಅವ ಅಬ್ರಹಾಮನ ತಮ್ಮನ ಮಗ."

ಅಜ್ಜಿ ಬೆರಳು ಮಡಚಿದರು. "ಅಂದ್ರ ಅವ ಇಸಾಕಗ ಅಣ್ಣತಮ್ಮ ಆದ. ಅಣ್ಣತಮ್ಮನ ಮಗಳು ಮಗಳ ಆದಳಲ್ಲ! ಯವ್ವಾ, ಮಗಳನ್ನ ಮಾಡ್ಕೊಂಡನ?"

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ. ಅಜ್ಜಿಯ ಲೆಕ್ಕ ಸರಿ. ಎರಡು ವರ್ಷ ಓದಿದರೂ ನನಗೆ ಹೊಳೆದಿರಲಿಲ್ಲ. "ಆ ಕಾಲದಾಗ ಹಂಗಿತ್ತು ಅಜ್ಜಿ" ಎಂದು ಬೆವರು ಒರೆಸಿಕೊಂಡು ಮುಂದೆ ಓಡಿದೆ. ಯಾಕೋಬ ತಾಯಿಯ ಅಣ್ಣ ಲಾಬಾನನ ಮನೆಗೆ ಹೋದ, ಕಿರಿಯ ಮಗಳು ರಾಹೇಲಳನ್ನು ಮೆಚ್ಚಿದ ಎಂದೆ.

"ಸ್ವಾದರ ಮಾವನ ಮಗಳು! ಹಾಂ, ಇದು ಬರೋಬ್ಬರಿ" ಎಂದು ಎಲ್ಲರೂ ಸಮಾಧಾನದ ಉಸಿರು ಬಿಟ್ಟರು.

ನನಗೂ ಧೈರ್ಯ ಬಂತು. "ಕಿರಿಯವಳನ್ನು ಕೊಡುತ್ತೇನೆಂದು ಏಳು ವರ್ಷ ದುಡಿಸಿಕೊಂಡು, ಮದುವೆ ದಿನ ಲಾಬಾನ ಹಿರಿಯವಳು ಲೇಯಾಳಿಗೆ ಮುಸುಕು ಹಾಕಿ ಕೊಟ್ಟ. ಎಂಥಾ ಮೋಸ!" ಎಂದು ಗುಡುಗಿದೆ.

"ಮೋಸ ಹೆಂಗ?" ಅಜ್ಜಿ ಕೇಳಿದರು. "ಹಿರೇಕಿ ಮನ್ಯಾಗ ಕುಂತಾಗ ಕಿರೇಕಿಗೆ ಯಾರ್ ಅಕ್ಕಿಕಾಳು ಹಾಕ್ತಾರ?"

"ಏಳು ವರ್ಷ ಅದ ಮನ್ಯಾಗ ಉಂಡಾನ. ಹಿರೇಕಿ ಕುಂತಾಳ ಅಂತ ಕಣ್ಣಿಗೆ ಬೀಳಲಿಲ್ಲೇನು?" ಎಂದರು ಇನ್ನೊಬ್ಬರು.

ಇಡೀ ಚರ್ಚು ಲಾಬಾನನ ಕಡೆ ಆಯಿತು. ನನ್ನ ಪ್ರಸಂಗ ಅಲ್ಲಿಗೇ ನಿಂತಿತು. ನಿಜ ಹೇಳುತ್ತೇನೆ, ಅಳು ಬಂತು. ಪಾಪ, ಪರೀಕ್ಷಕರೇ ಎದ್ದು ನಿಂತರು.

"ತಾಯೇರ, ಲಾಬಾನ ಮಾಡಿದ್ದು ತಪ್ಪ. ಹಿರೇಕಿ ಕಿರೇಕಿ ಅಂತ ನೋಡಬಾರದು."

"ನಿಮಗ ಹೆಣ್ಣಮಕ್ಕಳು ಎಷ್ಟು ರೀ ಸಾಹೇಬ್ರ?" ಎಂದರು ಅಜ್ಜಿ.

"ಇಬ್ಬರು."

"ಲಗ್ನ?"

"ಕಿರೇಕಿದು ಆಗೇದ."

"ಹಿರೇಕಿದು?"

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. "ನೋಡಲಾಕತ್ತೀವಿ."

ಎಲ್ಲ ಬೆಂಚುಗಳಿಂದ ಲೊಚಗುಟ್ಟುವ ಸದ್ದು ಬಂತು. "ಹಂಗಾದ್ರ ಲಾಬಾನಗ ಬೈಬ್ಯಾಡ್ರಿ" ಎಂದರು ಅಜ್ಜಿ. "ಅವ ಮುಂದ ಕಿರೇಕಿನೂ ಯಾಕೋಬಗ ಕೊಟ್ಟು ಇಬ್ಬರನ್ನೂ ದಡ ಮುಟ್ಟಿಸ್ಯಾನ."

ಹೇಗೋ ಪ್ರಾರ್ಥನೆ ಮಾಡಿ ಮುಗಿಸಿದೆ. ಆಮೇಲೆ ಪರೀಕ್ಷಕರು ಅಜ್ಜಿಯ ಪಕ್ಕ ಕೂತು ಬಹಳ ಹೊತ್ತು ಏನೋ ಬರೆದುಕೊಂಡರು. ನನ್ನ ತಪ್ಪುಗಳ ಪಟ್ಟಿಯೇ ಇರಬೇಕು ಎಂದುಕೊಂಡೆ. ನಂತರ ನನ್ನನ್ನು ಹೊರಗೆ ಕರೆದರು.

"ಸರ್, ನನ್ನ ಪರೀಕ್ಷೆ..."

"ಪಾಸ್ ಮಾಡೀನ್ರಿ. ಮುಂದಿನ ಭಾನುವಾರದಿಂದ ನೀವ ನಡಸ್ರಿ." ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅದಿರ್ಲಿ, ಅಜ್ಜಿ ಹೇಳಿದ ಆ ಹುಮನಾಬಾದ್ ಮಾಸ್ತರ ಹುಡುಗ ನಿಮಗ ಗೊತ್ತೇನು? ನೌಕರಿ ಖಾಯಂ ಅದನೋ, ಅತಿಥಿ ಶಿಕ್ಷಕನೋ?"