ಭಾವನ ಬೊಜ್ಜದಲ್ಲಿ ನ್ಯೂಟ್ರಾನ್ ನಕ್ಷತ್ರ

ದುಃಖಿತರನ್ನು ಸಂತೈಸುವ ಕಲೆ ನನಗೆ ಸಿದ್ಧಿಸಿದೆ ಎಂದೇ ನಂಬಿದ್ದೆ. ಬ್ರಹ್ಮಾವರದಲ್ಲಿ ಭೌತಶಾಸ್ತ್ರ ಕಲಿಸುವವನು. ನಪಾಸಾದವರನ್ನು ಸಂತೈಸುವುದೇ ನನ್ನ ಕಸುಬು!

ಉಪ್ಪುಂದದಲ್ಲಿ ಬೋಟ್ ನಡೆಸುತ್ತಿದ್ದ ಭಾವ ಬಲೆ ಕಟ್ಟುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅವರ ಹೆಂಡತಿ, ನನ್ನ ತಂಗಿ ಗಿರಿಜ ಅಂದಿನಿಂದ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಹಿತ್ತಲಲ್ಲಿ ಭಾವನಿಗೆಂದು ಅನ್ನ ಇಟ್ಟು, ಕಾಗೆ ಮುಟ್ಟಲೆಂದು ಎಲ್ಲರೂ ಕಾಯುತ್ತಿದ್ದೆವು. ಅವಳ ಮುಖ ನೋಡಲಾಗಲಿಲ್ಲ. ಇವತ್ತು ಮಾತಾಡಿಸಿಯೇ ಸಿದ್ಧ ಎಂದು ಬಾಯಿ ತೆರೆದೆ.

"ಬ್ಯಾಡ, ಸುಮ್ನಿರಿ," ಎಂದಳು ಹೆಂಡತಿ ಶಾರದ. ಕೇಳಿದರೆ ತಾನೆ!

"ಕಾಣ್ ಗಿರಿಜ, ದೊಡ್ಡ ನಕ್ಷತ್ರ ಸತ್ರೂ ಪೂರ್ತಿ ಹೋತಿಲ್ಲ. ಕುಂದಾಪುರದಿಂದ ಹಾಲಾಡಿವರೆಗಿನಷ್ಟ್, ಇಪ್ಪತ್ ಕಿಲೋಮೀಟರ್ ಅಗಲಕ್ಕೆ ಕುಗ್ಗತ್ತ್, ಭಾರ ಮಾತ್ರ ಸೂರ್ಯನಿಗಿಂತ ಜಾಸ್ತಿ. ಹತ್ರದಲ್ಲೇ ಸುತ್ತುವ ಜೋಡಿ ನಕ್ಷತ್ರದ ಮೈಯಿಂದ ಅನಿಲ ಎಳ್ಕಂತ್. ಅದ್ ಸುತ್ತಿ ಸುತ್ತಿ ಬೀಳುವಾಗ ಕಾದು ಎಕ್ಸ್-ರೇ ಬೆಳಕ್ ಕೊಡತ್ತ್!"

"ಹ್ವಾಯ್ ಮೇಷ್ಟ್ರೇ!" ಭಾವನ ಅಕ್ಕ ಎದ್ದು ನಿಂತರು. "ಸತ್ತವ್ರ್ ಹೆಂಡ್ತಿನ್ ಎಳಿತ್ರ್ ಅಂದೇಳಿ ಬೊಜ್ಜದ್ ದಿನ ಹೇಳೂದಾ? ಕಾಣಿ, ಕಾಗಿ ಹತ್ರವೇ ಬತ್ತಿಲ್ಲ!"

ನಿಜ. ತೆಂಗಿನ ಗರಿಯ ಮೇಲಿನ ಕಾಗೆ ಮುಖ ತಿರುಗಿಸಿ ಕೂತಿತ್ತು. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಅನ್ನ ಮುಟ್ಟುವುದಿಲ್ಲ. ಮನೆಯವರು ಮಾತು ಕೊಡಬೇಕು. ಸಮಸ್ತ ಭೌತಶಾಸ್ತ್ರದ ಪರವಾಗಿ ನಾನೇ ಕಾಗೆಗೆ ಕೈಮುಗಿದೆ.

"ಭಾವ, ಗಿರಿಜನ್ನ ನಾನ್ ಕಾಣ್ಕಂತೆ. ಅವಳನ್ನ ಎಳೀಬ್ಯಾಡಿ, ಬಿಟ್ಬಿಡಿ."

ಕಾಗೆ ಇನ್ನೂ ಎತ್ತರದ ಗರಿಗೆ ಹಾರಿತು!

"ಮಕ್ಳೇ ನಿಮ್ ಮಾತ್ ಕೇಂತಿಲ್ಲ, ಕಾಗಿ ಕೇಂತಾ?" ಎಂದಳು ಶಾರದ.

ಆಗ ಗಿರಿಜ ತಲೆ ಎತ್ತಿದಳು. "ಅಣ್ಣ, ಆ ಬೆಳಕ್ ಸತ್ಯವಾ?"

"ಸತ್ಯ. ಬರೀ ಕಣ್ಣಿಗ್ ಕಾಂತಿಲ್ಲ."

"ಕಾಣ್ದಿದ್ರೆ ಅಡ್ಡಿಲ್ಲ. ಅವ್ರ್ ಎಳೀಲಿ. ಬಿಡಿ ಅಂದೇಳಿ ನೀ ಹೇಳ್ಬ್ಯಾಡ."

ತಿದ್ದುಪಡಿ ಆಗಲೇಬೇಕಲ್ಲ! ಮತ್ತೆ ಹೋಗಿ ಕೈಮುಗಿದೆ. "ಭಾವ, ಮೊದಲು ಹೇಳಿದ್ದು ರದ್ದು. ಬಿಡಬೇಡಿ."

ಕಾಗೆ ಇಳಿದು ಬಂದು ಅನ್ನಕ್ಕೆ ಕೊಕ್ಕು ಹಾಕಿತು. ಗಿರಿಜ ನನ್ನ ಹೆಗಲಿಗೊರಗಿ, ಅಷ್ಟು ದಿನದ್ದನ್ನೆಲ್ಲ ಸೇರಿಸಿ ಗಟ್ಟಿಯಾಗಿ ಅತ್ತಳು. ಆಮೇಲೆ ಮುಖ ತೊಳೆದು ಊಟಕ್ಕೂ ಕೂತಳು.

ಸಂತೈಸಲು ಹೋದ ಮೇಷ್ಟ್ರು ಮಾತ್ರ ಎಲೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಿಮ್ಗೆಂತ ಆಯ್ತ್?" ಎಂದಳು ಶಾರದ.

"ಸಾರು ಖಾರ," ಎಂದೆ.

ಎಲೆಗೆ ಇನ್ನೂ ಉಪ್ಪು ಮಾತ್ರ ಬಡಿಸಿದ್ದರು.